ಕೊಂಡರೂ ನಮ್ಮದಾಗದ ಆಟಗಳು

2024ರ ಮಾರ್ಚ್ 31ರಂದು ಫ್ರಾನ್ಸ್‌ನ ಯೂಬಿಸಾಫ್ಟ್ ಕಂಪನಿ ‘ದ ಕ್ರೂ’ ಎಂಬ ಕಾರ್ ರೇಸಿಂಗ್ ಗೇಮ್‌ನ ಸರ್ವರ್‌ಗಳನ್ನು ನಿಲ್ಲಿಸಿತು. 2014ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಗೇಮ್ ಅದು. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೂ ಕಾರು ಓಡಿಸಿಕೊಂಡು ಹೋಗಬಹುದಾದ ವಿಶಾಲ ಲೋಕ ಅದರಲ್ಲಿತ್ತು. ಒಬ್ಬರೇ ಕೂತು ಆಡಬಹುದಾದ ಕಥೆಯೂ ಇತ್ತು. ಆದರೆ ಒಬ್ಬರೇ ಆಡುವಾಗಲೂ ಗೇಮ್ ಕಂಪನಿಯ ಸರ್ವರ್ ಜೊತೆ ಸದಾ ಸಂಪರ್ಕದಲ್ಲಿರಬೇಕಿತ್ತು. ಹಾಗಾಗಿ ಸರ್ವರ್ ನಿಂತ ಗಳಿಗೆಯಿಂದ ಡಿಸ್ಕ್ ಕೊಂಡವರ ಡಿಸ್ಕೂ, ಡೌನ್‌ಲೋಡ್ ಮಾಡಿಕೊಂಡವರ ಫೈಲುಗಳೂ ಕೆಲಸಕ್ಕೆ ಬಾರದಾದವು. ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಕೆಲವೇ ದಿನಗಳಲ್ಲಿ ಆಟಗಾರರ ಖಾತೆಗಳಿಂದ ಆ ಗೇಮ್‌ನ ಪರವಾನಗಿಯನ್ನೇ ಕಂಪನಿ ಹಿಂದಕ್ಕೆ ಪಡೆಯಿತು. ತೀರಾ ಇತ್ತೀಚೆಗೆ ಕೊಂಡಿದ್ದವರಿಗೆ ಹಣ ವಾಪಸು ಸಿಕ್ಕಿತು. ವರ್ಷಗಳ ಹಿಂದೆ ಪೂರ್ತಿ ಬೆಲೆ ಕೊಟ್ಟವರಿಗೆ ಏನೂ ಸಿಗಲಿಲ್ಲ.

ಆನ್‌ಲೈನ್ ಅಂಗಡಿಯಲ್ಲಿ ‘ಖರೀದಿಸಿ’ ಎಂಬ ಗುಂಡಿ ಒತ್ತಿ ಬೆಲೆ ತೆತ್ತ ಗ್ರಾಹಕನಿಗೆ ಸಿಗುವುದಾದರೂ ಏನು? ಒಂದು ವಸ್ತುವೇ, ಸೇವೆಯೇ, ಬರೀ ಅನುಮತಿಯೇ? ಅಂಗಡಿ ಒಂದು ಹೇಳುತ್ತದೆ, ತೆರಿಗೆ ಕಾನೂನು ಇನ್ನೊಂದು ಹೇಳುತ್ತದೆ, ನ್ಯಾಯಾಲಯಗಳು ದೇಶಕ್ಕೊಂದು ಬಗೆಯಲ್ಲಿ ಹೇಳಿವೆ. ಈ ಗೋಜಲಿನಲ್ಲಿ ಎರಡು ಬೇರೆ ಬೇರೆ ಹಕ್ಕುಗಳು ಕಲಸಿಹೋಗಿವೆ. ಕೊಂಡದ್ದನ್ನು ಮತ್ತೊಬ್ಬರಿಗೆ ಮಾರುವ ಹಕ್ಕು ಒಂದು. ಕೊಂಡದ್ದನ್ನು ಯಾರೂ ಕಸಿಯದಂತೆ ತನ್ನ ಬಳಿ ಉಳಿಸಿಕೊಳ್ಳುವ ಹಕ್ಕು ಇನ್ನೊಂದು. ಕೋರ್ಟುಗಳಲ್ಲಿ ಹೆಚ್ಚು ವಾದ ನಡೆದಿರುವುದು ಮೊದಲನೆಯದರ ಬಗ್ಗೆ. ಆದರೆ ಮೊದಲು ಇತ್ಯರ್ಥವಾಗಬೇಕಾದದ್ದು ಎರಡನೆಯದು ಎಂಬುದು ನನ್ನ ನಿಲುವು.

ಡಿಸ್ಕಿನ ಕಾಲದಲ್ಲಿ ಈ ಎರಡೂ ಹಕ್ಕುಗಳು ಒಟ್ಟಿಗೇ ಇದ್ದವು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆಯ ಪ್ರಕರಣವನ್ನು ತೀರ್ಮಾನಿಸಿತ್ತು. ತನ್ನ ಕಾದಂಬರಿಯನ್ನು ಒಂದು ಡಾಲರ್‌ಗಿಂತ ಕಡಿಮೆಗೆ ಮಾರಕೂಡದು ಎಂದು ಪ್ರಕಾಶಕರು ಪುಸ್ತಕದೊಳಗೇ ಅಚ್ಚು ಹಾಕಿಸಿದ್ದರು. ಒಮ್ಮೆ ಪ್ರತಿಯನ್ನು ಮಾರಿದ ಮೇಲೆ ಆ ಪ್ರತಿಯ ಮುಂದಿನ ಮಾರಾಟದ ಮೇಲೆ ನಿಮ್ಮ ಹಿಡಿತವಿಲ್ಲ ಎಂದಿತು ಕೋರ್ಟು. ಹಳೇ ಪುಸ್ತಕದ ಅಂಗಡಿಗಳು, ಗ್ರಂಥಾಲಯಗಳು, ಸೆಕೆಂಡ್ ಹ್ಯಾಂಡ್ ಸಿಡಿ ವ್ಯಾಪಾರ ಎಲ್ಲವೂ ನಿಂತಿರುವುದು ಇಂಥದೇ ತತ್ವದ ಮೇಲೆ. ಆಡಿ ಮುಗಿಸಿದ ಪ್ಲೇಸ್ಟೇಷನ್ ಡಿಸ್ಕನ್ನು ಅಂಗಡಿಗೆ ಕೊಟ್ಟು, ಮೇಲೊಂದಿಷ್ಟು ಹಣ ಸೇರಿಸಿ ಬೇರೆ ಡಿಸ್ಕ್ ತರುವುದು ಬೆಂಗಳೂರಿನ ಹುಡುಗರಿಗೂ ಹೊಸದಲ್ಲ.

ಈ ಲೆಕ್ಕಾಚಾರ ತಲೆಕೆಳಗಾದದ್ದು ಅಮೆರಿಕದ ವಾಲ್ವ್ ಕಂಪನಿಯ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಿಂದ. 2003ರ ಸೆಪ್ಟೆಂಬರ್‌ನಲ್ಲಿ ಅದು ಬಂದಾಗ, ವಾಲ್ವ್ ತನ್ನದೇ ಗೇಮ್‌ಗಳಿಗೆ ಅಪ್‌ಡೇಟ್ ಕಳಿಸುವ ಸಾಧನವಾಗಿತ್ತು. ಮಾರನೇ ವರ್ಷ ‘ಹಾಫ್-ಲೈಫ್ 2’ ಬಿಡುಗಡೆಯಾದಾಗ, ಅಂಗಡಿಯಲ್ಲಿ ಡಬ್ಬಿ ಕೊಂಡವರೂ ಸ್ಟೀಮ್ ಖಾತೆ ತೆರೆದು ಗೇಮ್ ನೋಂದಾಯಿಸಲೇಬೇಕಾಯಿತು. ಡಿಸ್ಕ್ ಕೈಯಲ್ಲಿದ್ದರೂ ಅದರ ಬೀಗದ ಕೈ ಬೇರೆಯವರ ಬಳಿ ಇರುವ ಪದ್ಧತಿ ಅಲ್ಲಿಂದ ಬಲವಾಗಿ ಬೇರೂರಿತು. ಆಗ ಆಟಗಾರರು ಸಿಟ್ಟಾಗಿದ್ದರು. ಆಮೇಲೆ ಬಂದ ಅನುಕೂಲಗಳು ಸಿಟ್ಟನ್ನು ಕರಗಿಸಿದವು. ಕಂಪ್ಯೂಟರ್ ಬದಲಾಯಿಸಿದರೂ ಗೇಮ್ ಮತ್ತೆ ಇಳಿಸಿಕೊಳ್ಳಬಹುದು, ಗೀರು ಬಿದ್ದ ಡಿಸ್ಕಿನ ಚಿಂತೆಯಿಲ್ಲ, ಸೇಲ್ ಬಂದಾಗ ಅಗ್ಗಕ್ಕೆ ಸಿಗುತ್ತದೆ, ಡಬ್ಬಿ ಅಚ್ಚು ಹಾಕಿಸುವ ಶಕ್ತಿಯಿಲ್ಲದ ಸಣ್ಣ ತಂಡವೂ ಜಗತ್ತಿಗೆಲ್ಲ ಮಾರಬಹುದು. ಇವೆಲ್ಲ ನಿಜವಾದ ಲಾಭಗಳು. ಮಾರಾಟ ನಿಲ್ಲಿಸಿದ ಗೇಮ್‌ಗಳನ್ನೂ ಮೊದಲೇ ಕೊಂಡವರ ಲೈಬ್ರರಿಯಲ್ಲಿ ಸ್ಟೀಮ್ ಸಾಮಾನ್ಯವಾಗಿ ಉಳಿಸುತ್ತದೆ ಎಂಬುದನ್ನೂ ಹೇಳಬೇಕು. ಆದರೆ ಅದು ಕಂಪನಿಯ ಒಳ್ಳೆಯ ರೂಢಿ ಮಾತ್ರ, ಗ್ರಾಹಕನ ಹಕ್ಕಲ್ಲ. ಒಪ್ಪಂದದಲ್ಲಿ ಬರೆದಿರುವುದು ಬೇರೆ: ಗೇಮ್ ಮಾರಿಲ್ಲ, ಪರವಾನಗಿ ಮಾತ್ರ ಕೊಟ್ಟಿದ್ದೇವೆ.

2013ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಘೋಷಿಸಿದಾಗ ಡಿಸ್ಕಿನ ಮರುಮಾರಾಟಕ್ಕೆ ನಿರ್ಬಂಧ ಹಾಕಲು, 24 ಗಂಟೆಗೊಮ್ಮೆ ಇಂಟರ್ನೆಟ್ ತಪಾಸಣೆ ನಡೆಸಲು ಹೊರಟಿತ್ತು. ಆಟಗಾರರು ತಿರುಗಿಬಿದ್ದರು. ಜೂನ್ ಮುಗಿಯುವ ಮೊದಲೇ ಕಂಪನಿ ಮಣಿಯಿತು. ಆದರೆ ಆಗ ಗದ್ದಲ ಮಾಡಿ ತಡೆದದ್ದು ಮುಂದಿನ ಹತ್ತು ವರ್ಷಗಳಲ್ಲಿ ಸದ್ದಿಲ್ಲದೆ ಬಂತು. 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೋದಲ್ಲಿ ಡಿಸ್ಕ್ ಡ್ರೈವೇ ಇಲ್ಲ, ಬೇಕಾದವರು ಪ್ರತ್ಯೇಕ ಕೊಳ್ಳಬೇಕು. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ಕೆಲವು ಗೇಮ್‌ಗಳ ಕಾರ್ಡಿನಲ್ಲಿ ಗೇಮ್ ಇರುವುದಿಲ್ಲ. ಡೌನ್‌ಲೋಡ್‌ಗೆ ಅನುಮತಿ ಕೊಡುವ ಕೀಲಿ ಮಾತ್ರ ಇರುತ್ತದೆ. ಆ ಕಾರ್ಡನ್ನು ಮತ್ತೊಬ್ಬರಿಗೆ ಮಾರಬಹುದು. ಆದರೆ ನಿಂಟೆಂಡೊ ಸರ್ವರ್ ನಿಂತ ಮೇಲೆ ಅದನ್ನು ಹೊಸದಾಗಿ ಯಾರೂ ಇಳಿಸಿಕೊಳ್ಳಲಾರರು. ಮಾರುವ ಹಕ್ಕು ಉಳಿದು, ಉಳಿಸಿಕೊಳ್ಳುವ ಹಕ್ಕು ಹೋಗಿರುವ ಸ್ಥಿತಿ ಇದು.

ನಮ್ಮ ಊರುಗಳಲ್ಲಿ ಮನೆಯ ವ್ಯವಹಾರ ಗೊತ್ತಿದ್ದವರಿಗೆ ಕ್ರಯ, ಭೋಗ್ಯ, ಬಾಡಿಗೆ ಮೂರೂ ಬೇರೆ ಬೇರೆ ಎಂದು ಬಿಡಿಸಿ ಹೇಳಬೇಕಿಲ್ಲ. ತಿಂಗಳ ಬಾಡಿಗೆಯಂತೆ ಹಣ ಕಟ್ಟುವ ಗೇಮ್ ಪಾಸ್‌ನಂಥ ಚಂದಾ ಯೋಜನೆಗಳ ಬಗ್ಗೆ ಯಾರದೂ ತಕರಾರಿಲ್ಲ. ಅಲ್ಲಿ ಗೇಮ್ ಬರುತ್ತದೆ, ಹೋಗುತ್ತದೆ, ಅದು ಮೊದಲೇ ತಿಳಿದದ್ದು. ತಕರಾರು ಇರುವುದು ಕ್ರಯದ ಬೆಲೆ ವಸೂಲು ಮಾಡಿ, ಭೋಗ್ಯದಷ್ಟೂ ಭದ್ರತೆ ಕೊಡದ ವ್ಯವಹಾರದ ಬಗ್ಗೆ. ಭೋಗ್ಯಕ್ಕಾದರೂ ಅವಧಿ ಬರೆದಿರುತ್ತದೆ, ಬಿಟ್ಟುಹೋಗುವಾಗ ಇಟ್ಟ ಹಣ ಕೈಗೆ ಬರುತ್ತದೆ.

ಕಸಿಯುವ ಬಗೆಗಳೂ ಹಲವು. 2018ರ ಏಪ್ರಿಲ್‌ನಲ್ಲಿ, ಬಿಡುಗಡೆಯಾಗಿ ಹತ್ತು ವರ್ಷ ತುಂಬುವ ಹೊತ್ತಿಗೆ, ‘ಗ್ರ್ಯಾಂಡ್ ಥೆಫ್ಟ್ ಆಟೋ 4’ರಿಂದ ಡಜನ್‌ಗಟ್ಟಲೆ ಹಾಡುಗಳು ಮಾಯವಾದವು. ಹಾಡುಗಳ ಪರವಾನಗಿ ಅವಧಿ ಮುಗಿದಿತ್ತು, ಅಪ್‌ಡೇಟ್ ಮೂಲಕ ಹಳೆಯ ಗ್ರಾಹಕರ ಪ್ರತಿಗಳಿಂದಲೂ ಅವನ್ನು ತೆಗೆಯಲಾಯಿತು. ಕೊನಾಮಿ ಕಂಪನಿ 2015ರಲ್ಲಿ ‘ಪಿ.ಟಿ.’ ಎಂಬ ಉಚಿತ ಡೆಮೊವನ್ನು ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆದ ಮೇಲೆ, ಮೊದಲು ಇಳಿಸಿಕೊಂಡಿದ್ದವರಿಗೂ ಮತ್ತೆ ಇಳಿಸಿಕೊಳ್ಳಲು ಆಗಲಿಲ್ಲ. ನಿಂಟೆಂಡೊ 3ಡಿಎಸ್ ಮತ್ತು ವೀ ಯು ಅಂಗಡಿಗಳು 2023ರ ಮಾರ್ಚ್‌ನಲ್ಲಿ ಮುಚ್ಚಿದವು. ಖಾತೆ ರದ್ದಾದರೆ ಇಡೀ ಲೈಬ್ರರಿ ಹೋದಂತೆ. ಆಟಗಾರ ತೀರಿಕೊಂಡರೆ ಅವನ ಖಾತೆ ಮಕ್ಕಳಿಗೆ ಉಯಿಲಿನ ಮೂಲಕವೂ ಸೇರುವುದಿಲ್ಲ ಎಂಬುದು ಸ್ಟೀಮ್‌ನ ನಿಯಮ.

ಇನ್ನು ಕೋರ್ಟುಗಳ ಕಡೆ ಬರೋಣ. 2012ರ ಜುಲೈ 3ರಂದು ಐರೋಪ್ಯ ನ್ಯಾಯಾಲಯ ‘ಯೂಸ್ಡ್‌ಸಾಫ್ಟ್’ ಮತ್ತು ಒರಾಕಲ್ ನಡುವಿನ ಪ್ರಕರಣದಲ್ಲಿ ಒಂದು ದಿಟ್ಟ ಮಾತು ಹೇಳಿತು. ಒಂದು ಬೆಲೆ ಪಡೆದು, ಕಾಲಮಿತಿಯಿಲ್ಲದೆ ಬಳಸಲು ತಂತ್ರಾಂಶದ ಪ್ರತಿಯನ್ನು ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟರೆ ಅದು ಮಾರಾಟವೇ. ಕಾಗದದ ಮೇಲೆ ಪರವಾನಗಿ ಎಂದು ಹೆಸರಿಟ್ಟ ಮಾತ್ರಕ್ಕೆ ಕಾನೂನಿನಿಂದ ನುಣುಚಿಕೊಳ್ಳಲು ಆಗದು. ಕೊಂಡವನು ತನ್ನ ಪ್ರತಿಯನ್ನು ಅಳಿಸಿ ಮತ್ತೊಬ್ಬನಿಗೆ ಮಾರಬಹುದು. ಈ ತೀರ್ಪಿನ ಬೆನ್ನೇರಿ ಫ್ರಾನ್ಸ್‌ನ ಗ್ರಾಹಕ ಸಂಘಟನೆ ಯುಎಫ್‌ಸಿ-ಕ್ಯೂ ಶ್ವಾಸಿರ್ 2015ರಲ್ಲಿ ವಾಲ್ವ್ ವಿರುದ್ಧ ದಾವೆ ಹೂಡಿತು. 2019ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನ ಕೆಳ ನ್ಯಾಯಾಲಯ ಗ್ರಾಹಕರ ಪರ ನಿಂತಿತು, ಸ್ಟೀಮ್ ಗೇಮ್‌ಗಳ ಮರುಮಾರಾಟ ತಡೆಯುವಂತಿಲ್ಲ ಎಂದಿತು. ಆಟಗಾರರ ವಲಯದಲ್ಲಿ ಸಂಭ್ರಮವೋ ಸಂಭ್ರಮ.

ಆ ಸಂಭ್ರಮ ಬಾಳಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅವರ ತರ್ಕ ಹೀಗಿತ್ತು: ವಿಡಿಯೊ ಗೇಮ್ ಬರೀ ತಂತ್ರಾಂಶವಲ್ಲ, ಚಿತ್ರ, ಸಂಗೀತ, ಕಥೆ ಎಲ್ಲ ಕೂಡಿದ ಸಂಕೀರ್ಣ ಕೃತಿ, ಹಾಗಾಗಿ ತಂತ್ರಾಂಶದ ನಿಯಮ ಇದಕ್ಕೆ ಅನ್ವಯಿಸದು. ಮೇಲಾಗಿ ಡಿಜಿಟಲ್ ಪ್ರತಿ ಸವೆಯುವುದಿಲ್ಲ. ಕಚೇರಿ ತಂತ್ರಾಂಶವನ್ನು ಜನ ವರ್ಷಾನುಗಟ್ಟಲೆ ಬಳಸುತ್ತಾರೆ, ಗೇಮ್ ಅನ್ನು ಆಡಿ ಮುಗಿಸಿ ಮಾರಿಬಿಡುತ್ತಾರೆ. ಹೊಸದಕ್ಕೂ ಹಳೆಯದಕ್ಕೂ ವ್ಯತ್ಯಾಸವೇ ಇಲ್ಲದಾಗ ಹೊಸದನ್ನು ಕೊಳ್ಳುವವರು ಯಾರು? ಇ-ಪುಸ್ತಕಗಳ ಮರುಮಾರಾಟದ ಬಗ್ಗೆ 2019ರ ‘ಟಾಮ್ ಕ್ಯಾಬಿನೆಟ್’ ತೀರ್ಪಿನಲ್ಲಿ ಐರೋಪ್ಯ ನ್ಯಾಯಾಲಯವೂ, ಹಾಡುಗಳ ಬಗ್ಗೆ 2018ರ ‘ರೀಡಿಜಿ’ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೂ ಮರುಮಾರಾಟದ ವಿರುದ್ಧವೇ ನಿಂತವು.

ಈ ತರ್ಕದಲ್ಲಿ ಹುರುಳಿದೆ ಎಂದೇ ನನಗನ್ನಿಸುತ್ತದೆ. ನಾಲ್ಕೈದು ಜನ ಸೇರಿ ಮೂರು ವರ್ಷ ದುಡಿದು ಮಾಡಿದ ಆರು ಗಂಟೆಯ ಗೇಮ್‌ನ ಒಂದೇ ಪ್ರತಿ ಕೈಯಿಂದ ಕೈಗೆ ಓಡಾಡಿದರೆ ಆ ತಂಡ ಬದುಕುವುದು ಕಷ್ಟ. ಆದರೆ ಈ ಕಾರಣ ಮರುಮಾರಾಟವನ್ನು ತಡೆಯಲು ಸಾಕೇ ಹೊರತು, ಕೊಂಡವನ ಕೈಯಿಂದ ಗೇಮ್ ಕಸಿಯಲು ಸಾಲದು. ಇವೆರಡನ್ನೂ ಒಂದೇ ‘ಪರವಾನಗಿ’ಯ ಚೀಲಕ್ಕೆ ತುಂಬಿರುವುದೇ ಅನ್ಯಾಯದ ಮೂಲ.

ಗ್ರಾಹಕರು ಗೆದ್ದದ್ದು ಬೇರೆ ದಾರಿಯಲ್ಲಿ, ಗ್ರಾಹಕ ರಕ್ಷಣೆಯ ಕಾನೂನಿನ ಮೂಲಕ. ಆಸ್ಟ್ರೇಲಿಯಾದ ಗ್ರಾಹಕ ಆಯೋಗ ವಾಲ್ವ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ದೋಷವಿರುವ ಗೇಮ್‌ಗೆ ಹಣ ವಾಪಸಿಲ್ಲ ಎಂಬ ಷರತ್ತು ಆ ದೇಶದ ಕಾನೂನಿಗೆ ವಿರುದ್ಧ ಎಂದು ಕೋರ್ಟು ಹೇಳಿತು. 2016ರ ಕೊನೆಯಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು, ಮೇಲ್ಮನವಿಯೂ ಬಿದ್ದುಹೋಯಿತು. ಇಂದು ಎಲ್ಲ ದೇಶಗಳ ಸ್ಟೀಮ್ ಗ್ರಾಹಕರಿಗೆ ಇರುವ, ಕೊಂಡ 14 ದಿನದೊಳಗೆ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಪಡೆಯುವ ವ್ಯವಸ್ಥೆ ಬಂದದ್ದು ಆ ಮೊಕದ್ದಮೆ ನಡೆಯುತ್ತಿದ್ದಾಗ, 2015ರಲ್ಲಿ.

ಕ್ಯಾಲಿಫೋರ್ನಿಯಾ 2024ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿ 2025ರ ಜನವರಿ 1ರಿಂದ ಜಾರಿಗೆ ತಂದ ಕಾನೂನು, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಖರೀದಿಸಿ’ ಎಂಬ ಪದ ಬಳಸಬಾರದು ಎನ್ನುತ್ತದೆ. ಇಂಟರ್ನೆಟ್ ಇಲ್ಲದೆಯೂ ಶಾಶ್ವತವಾಗಿ ಬಳಸುವಂತೆ ಡೌನ್‌ಲೋಡ್ ಕೊಡುವವರಿಗೆ ವಿನಾಯಿತಿ ಇದೆ. ಕಾನೂನು ಜಾರಿಯಾಗುವ ಮೊದಲೇ ಸ್ಟೀಮ್ ತನ್ನ ಬಿಲ್ ಪುಟದಲ್ಲಿ ಒಂದು ಸಾಲು ಸೇರಿಸಿತು: ನಿಮಗೆ ಸಿಗುತ್ತಿರುವುದು ಪರವಾನಗಿ. ಪೋಲೆಂಡ್‌ನ ಜಿಒಜಿ ತಾಣ ಅದೇ ಸಮಯ ನೋಡಿ, ನಮ್ಮಲ್ಲಿ ಕೊಂಡ ಗೇಮ್‌ನ ಇನ್‌ಸ್ಟಾಲರ್ ಅನ್ನು ನಿಮ್ಮ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಅದನ್ನು ಯಾರೂ ಕಸಿಯಲಾರರು ಎಂದು ಸಾರಿತು. ಬೀಗವಿಲ್ಲದ ಗೇಮ್‌ಗಳನ್ನೇ ಮಾರುತ್ತ ಆ ತಾಣ 2008ರಿಂದ ವ್ಯಾಪಾರ ನಡೆಸಿಕೊಂಡು ಬಂದಿದೆ. ಬೀಗ ತೆಗೆದರೆ ವ್ಯಾಪಾರ ಮುಳುಗುತ್ತದೆ ಎನ್ನುವವರು ಅದನ್ನು ನೋಡಬೇಕು. ಕ್ಯಾಲಿಫೋರ್ನಿಯಾದ ಕಾನೂನಿನ ಮಿತಿಯೂ ಕಾಣುವಂಥದ್ದೇ. ಅದು ಕಸಿಯುವುದನ್ನು ತಡೆಯುವುದಿಲ್ಲ, ಕಸಿಯಬಹುದು ಎಂದು ಮೊದಲೇ ತಿಳಿಸುತ್ತದೆ ಅಷ್ಟೆ.

‘ದ ಕ್ರೂ’ ಮುಚ್ಚಿದ ಬೆನ್ನಲ್ಲೇ, ಯೂಟ್ಯೂಬ್‌ನಲ್ಲಿ ಗೇಮ್‌ಗಳ ಬಗ್ಗೆ ಮಾತಾಡುವ ರಾಸ್ ಸ್ಕಾಟ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರುಮಾಡಿದರು. ಐರೋಪ್ಯ ಒಕ್ಕೂಟದ ನಾಗರಿಕ ಮನವಿಗೆ ಬೇಕಾದ 10 ಲಕ್ಷ ಸಹಿಗಳ ಗಡಿಯನ್ನು ಅದು 2025ರ ಜುಲೈನಲ್ಲಿ ದಾಟಿತು. ಬ್ರಿಟನ್ನಿನಲ್ಲೂ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ, ವಿಷಯ ನವೆಂಬರ್‌ನಲ್ಲಿ ಸಂಸತ್ತಿನ ಚರ್ಚೆಗೆ ಬಂತು, ಆದರೆ ಕಾನೂನು ತಿದ್ದುವ ಯೋಚನೆ ಇಲ್ಲ ಎಂದು ಅಲ್ಲಿನ ಸರ್ಕಾರ ಹೇಳಿತು. ಚಳವಳಿಯ ಬೇಡಿಕೆಯನ್ನು ಸರಿಯಾಗಿ ತಿಳಿಯಬೇಕು. ಸರ್ವರ್‌ಗಳನ್ನು ಎಂದೆಂದಿಗೂ ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ನಿಲ್ಲಿಸುವ ದಿನ ಗೇಮ್ ಅನ್ನು ಹೇಗಾದರೂ ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ, ಮುಂದೆ ನಮ್ಮಿಂದ ಏನೂ ಬೇಡ ಎಂಬುದಷ್ಟೇ ಕೋರಿಕೆ.

ಪ್ರಕಾಶಕರ ಸಂಘಟನೆ ವಿಡಿಯೊ ಗೇಮ್ಸ್ ಯುರೋಪ್ ಇದಕ್ಕೆ ಉತ್ತರ ಕೊಟ್ಟಿದೆ. ಖಾಸಗಿ ಸರ್ವರ್‌ಗಳಲ್ಲಿ ಆಟಗಾರರ ಮಾಹಿತಿಗೆ ರಕ್ಷಣೆಯಿರದು, ಅಕ್ರಮ ವಿಷಯಗಳನ್ನು ತೆಗೆಯುವವರಿರುವುದಿಲ್ಲ, ಹೊಣೆ ಮಾತ್ರ ನಮ್ಮ ತಲೆಗೆ ಬರುತ್ತದೆ. ಅನೇಕ ಗೇಮ್‌ಗಳು ಬುಡದಿಂದಲೇ ಆನ್‌ಲೈನ್‌ಗಾಗಿ ಕಟ್ಟಿದವು, ಅವನ್ನು ಬದಲಿಸುವುದು ದುಬಾರಿ ಎಂಬುದು ಅವರ ವಾದ. ಹೊಣೆಯ ಮಾತು ಒಪ್ಪತಕ್ಕದ್ದು. ಸರ್ವರ್ ನಡೆಸುವವನೇ ಹೊಣೆಗಾರ ಎಂದು ಕಾನೂನಿನಲ್ಲಿ ಬರೆದರೆ ಅದು ಬಗೆಹರಿಯುತ್ತದೆ. ಖರ್ಚಿನ ಮಾತು ಹಳೆಯ ಗೇಮ್‌ಗಳಿಗೆ ನಿಜ, ಇನ್ನು ಮುಂದೆ ಕಟ್ಟುವ ಗೇಮ್‌ಗಳಿಗೆ ಅಷ್ಟು ನಿಜವಲ್ಲ. ಕೊನೆಯ ದಿನಕ್ಕೂ ಒಂದು ದಾರಿ ಇರಬೇಕು ಎಂದು ಮೊದಲೇ ಗೊತ್ತಿದ್ದರೆ ಎಂಜಿನಿಯರ್‌ಗಳು ಅದಕ್ಕೆ ತಕ್ಕಂತೆಯೇ ಕಟ್ಟುತ್ತಾರೆ. ‘ನಾಕೌಟ್ ಸಿಟಿ’ ಎಂಬ ಆನ್‌ಲೈನ್ ಗೇಮ್ 2023ರಲ್ಲಿ ಮುಚ್ಚಿದಾಗ, ಅದನ್ನು ಕಟ್ಟಿದ ವೆಲಾನ್ ಸ್ಟುಡಿಯೋಸ್ ಆಟಗಾರರೇ ಸರ್ವರ್ ನಡೆಸಿಕೊಳ್ಳಬಹುದಾದ ಆವೃತ್ತಿಯನ್ನು ಬಿಟ್ಟುಹೋಯಿತು. ಯೂಬಿಸಾಫ್ಟ್ ಕೂಡ, ಇಷ್ಟು ಗದ್ದಲದ ನಂತರ, ‘ದ ಕ್ರೂ 2’ಕ್ಕೆ ಆಫ್‌ಲೈನ್‌ನಲ್ಲಿ ಆಡುವ ವ್ಯವಸ್ಥೆ ಮಾಡಿದೆ. ಮಾಡಲಾಗದ ಕೆಲಸ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಾರು ಕಂಪನಿಗಳ ಜೊತೆಗಿನ ಒಪ್ಪಂದ ಮುಗಿಯುತ್ತದೆ ಎಂಬ ನೆಪವೂ ಕೇಳಿಬರುತ್ತದೆ. ಅದೇ ಕಾರಣಕ್ಕೆ ‘ಫೋರ್ಜಾ ಹರೈಜನ್ 4’ರ ಮಾರಾಟವನ್ನು ಮೈಕ್ರೋಸಾಫ್ಟ್ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಮೊದಲೇ ಕೊಂಡವರಿಂದ ಗೇಮ್ ಕಸಿಯಲಿಲ್ಲ. ಇನ್ನು ಮುಚ್ಚಲೇಬೇಕಾದರೆ ಹಣ ಹಿಂತಿರುಗಿಸುವ ದಾರಿಯಿದೆ. ಗೂಗಲ್ ತನ್ನ ಸ್ಟೇಡಿಯಾ ಸೇವೆಯನ್ನು 2023ರ ಜನವರಿಯಲ್ಲಿ ಮುಚ್ಚಿದಾಗ ಕೊಂಡ ಗೇಮ್‌ಗಳ ಹಣ ಕೊಟ್ಟಿತು. ಸೋನಿ ‘ಕಾಂಕಾರ್ಡ್’ ಗೇಮ್ ಅನ್ನು 2024ರಲ್ಲಿ ಎರಡೇ ವಾರದಲ್ಲಿ ನಿಲ್ಲಿಸಿ ಹಣ ಹಿಂತಿರುಗಿಸಿತು.

ಇದು ಹಣದ ಪ್ರಶ್ನೆಯಷ್ಟೇ ಅಲ್ಲ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಅಧ್ಯಯನದಲ್ಲಿ ಹೇಳಿತು. ಸಂಶೋಧಕರು ಗ್ರಂಥಾಲಯಗಳಿಂದ ಹಳೆಯ ಗೇಮ್‌ಗಳನ್ನು ದೂರದಿಂದಲೇ ಬಳಸಲು ವಿನಾಯಿತಿ ಕೇಳಿದಾಗ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2024ರಲ್ಲಿ ನಿರಾಕರಿಸಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿಯದ ನೋವನ್ನು ತಿಳಿದ ನಮಗೆ ಈ ನಷ್ಟ ಅರ್ಥವಾಗಬೇಕು. ಬೆಂಗಳೂರಿನಲ್ಲಿ 1997ರಲ್ಲಿ ಹುಟ್ಟಿ, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾದ ಧ್ರುವ ಇಂಟರಾಕ್ಟಿವ್‌ನ ಕಲಾವಿದರು ಹೊರದೇಶದ ಎಷ್ಟೋ ಗೇಮ್‌ಗಳಿಗೆ ದುಡಿದಿದ್ದಾರೆ. ಸರ್ವರ್‌ಗಳ ಜೊತೆ ಅಂಥವರ ಕೈಕೆಲಸವೂ ಅಳಿಯುತ್ತದೆ.

ನಮ್ಮ ದೇಶದಲ್ಲಿ ಗೇಮ್ ಎಂದರೆ ಚರ್ಚೆಯೆಲ್ಲ ಜೂಜಿನ ಕಡೆಗೇ ಓಡುತ್ತದೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿತು, ಮರುವರ್ಷ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿತು. ಕೊಂಡ ಗೇಮ್ ಯಾರದು ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಬರಲಿಲ್ಲ. ಆದರೆ ಕೊಂಡದ್ದು ಕಣ್ಣೆದುರೇ ಹೋಗುವ ಅನುಭವ ನಮ್ಮ ಯುವಕರಿಗೂ ಆಗಿದೆ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿದಾಗ, ಅದರೊಳಗೆ ಹಣ ಕೊಟ್ಟು ಕೊಂಡ ಬಂದೂಕಿನ ಬಣ್ಣ, ಉಡುಪುಗಳು ಕೈಗೆ ಸಿಗದಾದವು. ಮಾರನೇ ವರ್ಷ ಅದೇ ಗೇಮ್ ಬಿಜಿಎಂಐ ಎಂಬ ಹೆಸರಿನಲ್ಲಿ ಬಂದು ಹಳೆಯ ಖಾತೆಗಳನ್ನು ವರ್ಗಾಯಿಸಲು ಸ್ವಲ್ಪ ಕಾಲ ಅವಕಾಶ ಕೊಟ್ಟಿತು. 2022ರಲ್ಲಿ ಅದೂ ಅಂಗಡಿಗಳಿಂದ ಮರೆಯಾಗಿ, ಮರುವರ್ಷ ಮರಳಿತು.

ಹಾಗೆಂದು ನಮ್ಮ ಕಾನೂನು ಬರಿಗೈಯಲ್ಲಿಲ್ಲ. ಈ ವಿಷಯದಲ್ಲಿ ಭಾರತದ ಅತ್ಯಂತ ಉಪಯುಕ್ತ ತೀರ್ಪು ಹುಟ್ಟಿದ್ದು ಬೆಂಗಳೂರಿನ ಒಂದು ತೆರಿಗೆ ವ್ಯಾಜ್ಯದಿಂದ. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿ ಅಮೆರಿಕದಿಂದ ಸಿದ್ಧ ತಂತ್ರಾಂಶ ತರಿಸಿತ್ತು. ಅದಕ್ಕೆ ಕೊಟ್ಟ ಹಣ ಹಕ್ಕುಸ್ವಾಮ್ಯದ ರಾಯಲ್ಟಿ, ಆದ್ದರಿಂದ ಮೂಲದಲ್ಲೇ ತೆರಿಗೆ ಕಡಿಯಬೇಕಿತ್ತು ಎಂದಿತು ಆದಾಯ ತೆರಿಗೆ ಇಲಾಖೆ. ಕರ್ನಾಟಕ ಹೈಕೋರ್ಟ್ 2011ರಲ್ಲಿ ಇಲಾಖೆಯ ಮಾತನ್ನು ಒಪ್ಪಿತು. 2021ರ ಮಾರ್ಚ್ 2ರಂದು ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ ಅದನ್ನು ಬದಿಗೊತ್ತಿತು. ಬಳಕೆದಾರನ ಒಪ್ಪಂದದಲ್ಲಿ ಪರವಾನಗಿ ಎಂದು ಬರೆದಿದ್ದರೂ, ನಿರ್ಬಂಧಗಳನ್ನು ಹಾಕಿದ್ದರೂ, ಅಲ್ಲಿ ಹಕ್ಕುಸ್ವಾಮ್ಯದ ಯಾವ ಪಾಲೂ ಕೈಬದಲಾಗಿಲ್ಲ, ಆಗಿರುವುದು ತಂತ್ರಾಂಶ ಅಡಕವಾದ ಸರಕಿನ ಮಾರಾಟ ಎಂದು ತೀರ್ಮಾನಿಸಿತು. ಪೆಟ್ಟಿಗೆಯಲ್ಲಿ ಬರುವ ತಂತ್ರಾಂಶ ಸರಕೇ ಎಂದು ಅದೇ ಕೋರ್ಟು 2004ರ ಟಾಟಾ ಕನ್ಸಲ್ಟೆನ್ಸಿ ಪ್ರಕರಣದಲ್ಲೂ ಹೇಳಿತ್ತು. ಇವೆರಡೂ ತೆರಿಗೆಯ ತೀರ್ಪುಗಳು, ಎರಡರ ಒಲವೂ ಕಣ್ಣಿಗೆ ಕಾಣುವ ವಸ್ತುವಿನ ಕಡೆಗೆ. ಬರೀ ಡೌನ್‌ಲೋಡ್‌ಗೆ ಇದನ್ನು ಚಾಚಲು ವಾದ ಮಾಡಬೇಕಾಗುತ್ತದೆ. ಎದುರು ಪಕ್ಷಕ್ಕೂ ಆಧಾರವಿದೆ, ಏಕೆಂದರೆ ಜಿಎಸ್‌ಟಿಯಲ್ಲಿ ಇಂಟರ್ನೆಟ್ ಮೂಲಕ ಕೊಡುವ ತಂತ್ರಾಂಶ ಮತ್ತು ಆನ್‌ಲೈನ್ ಗೇಮಿಂಗ್ ‘ಸೇವೆ’ಯ ಪಟ್ಟಿಯಲ್ಲಿವೆ. ಹಾಗಿದ್ದರೂ ವಿದೇಶಿ ಮಾರಾಟಗಾರರು ತೆರಿಗೆಯಿಂದ ಪಾರಾಗಲು ‘ಇದು ಮಾರಾಟ’ ಎಂಬ ತತ್ವದ ಆಸರೆ ಪಡೆದ ಮೇಲೆ, ಗ್ರಾಹಕ ಅದೇ ತತ್ವ ಹಿಡಿದು ಬಂದಾಗ ಬಾಗಿಲು ಮುಚ್ಚುವುದು ನ್ಯಾಯವಲ್ಲ.

ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ತಂತ್ರಾಂಶದ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವನು ನಷ್ಟದಿಂದ ರಕ್ಷಣೆಗಾಗಿ ಬ್ಯಾಕಪ್ ಮಾಡಿಕೊಳ್ಳುವುದನ್ನು ಒಪ್ಪುತ್ತದೆ. 2012ರಲ್ಲಿ ಸೇರಿದ 65ಎ ಸೆಕ್ಷನ್ ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧವಾಗಿಸಿದೆಯಾದರೂ, ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಅಲ್ಲಿರಬೇಕು. ಅಮೆರಿಕದ ಕಾನೂನಿಗಿಂತ ಇದು ಮೆದು. ಇದಕ್ಕಿಂತ ಬಲವಾದ ಆಯುಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇ-ಕಾಮರ್ಸ್‌ಗೆ ಅದು ಕೊಟ್ಟ ವ್ಯಾಖ್ಯೆಯಲ್ಲೇ ಡಿಜಿಟಲ್ ಉತ್ಪನ್ನಗಳು ಸೇರಿವೆ. ಸಕಾರಣವಿ‌ಲ್ಲದೆ ಒಂದು ಪಕ್ಷ ಏಕಪಕ್ಷೀಯವಾಗಿ ರದ್ದುಮಾಡಬಹುದಾದ ಒಪ್ಪಂದವನ್ನು ಅದು ‘ಅನ್ಯಾಯದ ಒಪ್ಪಂದ’ಗಳ ಸಾಲಿಗೆ ಸೇರಿಸಿದೆ. ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಆದರೆ ಅನ್ಯಾಯದ ಒಪ್ಪಂದದ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಎರಡು ಸಾವಿರ ರೂಪಾಯಿಯ ಗೇಮ್‌ಗಾಗಿ ಬೀದರ್‌ನ ಹುಡುಗನೊಬ್ಬ ರಾಜ್ಯ ಆಯೋಗದ ಮೆಟ್ಟಿಲು ಹತ್ತುವುದು ಕಷ್ಟವೇ. ಒಂದೇ ಬಗೆಯ ನಷ್ಟ ಅನುಭವಿಸಿದವರು ಒಟ್ಟಾಗಿ ಒಂದೇ ದೂರು ಸಲ್ಲಿಸಲು ಅದೇ ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ದಾರಿಯಿದೆ. ಗ್ರಾಹಕ ಸಂಘಟನೆಗಳೂ ದೂರುದಾರರಾಗಬಹುದು, ಫ್ರಾನ್ಸ್‌ನಲ್ಲಿ ಆದಂತೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಮಾರ್ಗಸೂಚಿ ಹೊರಡಿಸುವ ಅಧಿಕಾರವೂ ಇದೆ. 2023ರ ನವೆಂಬರ್‌ನಲ್ಲಿ ಅದು ಆನ್‌ಲೈನ್ ಮಾರಾಟದ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಅಂಥ ಮಾರ್ಗಸೂಚಿಗೆ ಸೇರಿಸಬೇಕಾದದ್ದು ಮೂರೇ ಸಂಗತಿ. ಅವಧಿ ಹೇಳದೆ ಪೂರ್ತಿ ಬೆಲೆಗೆ ಕೊಟ್ಟದ್ದು ಮಾರಾಟವೆಂದೇ ಪರಿಗಣನೆಯಾಗಬೇಕು. ಸರ್ವರ್ ನಂಬಿದ ಗೇಮ್ ಆದರೆ, ಇಂಥ ದಿನದವರೆಗೆ ಖಂಡಿತ ನಡೆಯುತ್ತದೆ ಎಂದು ಬೆಲೆಯ ಪಕ್ಕದಲ್ಲೇ ಬರೆದಿರಬೇಕು. ಆ ದಿನಕ್ಕಿಂತ ಮೊದಲು ನಿಲ್ಲಿಸಿದರೆ ಆಡಬಹುದಾದ ಆವೃತ್ತಿ ಕೊಡಬೇಕು, ಇಲ್ಲವೇ ಹಣ ಹಿಂತಿರುಗಿಸಬೇಕು. ಮರುಮಾರಾಟದ ಹಕ್ಕನ್ನು ಸದ್ಯಕ್ಕೆ ಬಿಟ್ಟುಕೊಟ್ಟಾದರೂ ಇಷ್ಟನ್ನು ಪಡೆಯುವುದು ಲೇಸು. ಇದಕ್ಕೆ ಸಂಸತ್ತಿನಲ್ಲಿ ಹೊಸ ಮಸೂದೆಯೇ ಬರಬೇಕೆಂದಿಲ್ಲ, ಪ್ರಾಧಿಕಾರದ ಒಂದು ಅಧಿಸೂಚನೆಯಿಂದ ಶುರುಮಾಡಬಹುದು.